ಮಕ್ಕಳ ಕಾದಂಬರಿಯನ್ನು ಗಟ್ಟಿಯಾಗಿ ಓದಿ ಹೇಳುವುದು ಹೇಗೆ? ಮನೆಯಲ್ಲೇ ಕಲಿಯುವ ಐದರಿಂದ ಒಂಬತ್ತು ವರ್ಷದ ಮಕ್ಕಳಿಗೆ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಮಕ್ಕಳನ್ನು ಮನೆಯಲ್ಲೇ ಓದಿಸುತ್ತಿರುವ ತಂದೆ-ತಾಯಂದಿರು ತಿರುತಿರುಗಿ ಕೇಳುವ ಪ್ರಶ್ನೆ ಇದು: "ಚಿತ್ರದ ಪುಸ್ತಕ ಎಲ್ಲಾ ಮುಗಿದವು. ದೊಡ್ಡ ಕಥೆ ಹಿಡಿದರ ನಾಕು ಪುಟಕ್ಕ ಮಗು ಎದ್ದು ಹೋಗತದ. ಏನ್ ಮಾಡೂದು?" ಇದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ಪುಸ್ತಕ ಆರಿಸುವುದರಿಂದ ಹಿಡಿದು ಎಲ್ಲಿ ನಿಲ್ಲಿಸಬೇಕು ಎನ್ನುವವರೆಗೆ ಹತ್ತಾರು ಸಣ್ಣ ಸಣ್ಣ ಸಂಗತಿಗಳಿವೆ. ಒಂದೊಂದನ್ನೇ ನೋಡೋಣ.

ಇಲ್ಲಿ ಹೇಳುತ್ತಿರುವುದು ಒಂದೇ ಕಥೆ ಹತ್ತಿಪ್ಪತ್ತು ಅಧ್ಯಾಯಗಳಲ್ಲಿ ಮುಂದುವರಿಯುವ, ಚಿತ್ರ ಕಡಿಮೆ ಇರುವ, ಸುಮಾರು 60ರಿಂದ 150 ಪುಟಗಳ ಪುಸ್ತಕದ ಬಗ್ಗೆ. ಇಂಗ್ಲಿಷ್ ಬಲ್ಲವರು ಇದನ್ನು ಚಾಪ್ಟರ್ ಬುಕ್ ಎನ್ನುತ್ತಾರೆ. ಕನ್ನಡ ಪುಸ್ತಕದಂಗಡಿಯಲ್ಲಿ "ಮಕ್ಕಳ ಕಾದಂಬರಿ" ಎಂದು ಕೇಳಿ, ಅಂಗಡಿಯವರಿಗೆ ತಿಳಿಯುತ್ತದೆ. ಶ್ರಾವಣದಲ್ಲಿ ಮಠದೊಳಗೆ ಪುರಾಣ ಹಚ್ಚುತ್ತಾರಲ್ಲ, ಓದಿ ಹೇಳುವ ಕ್ರಮವೂ ಅದೇ: ದಿನಕ್ಕೆ ಇಷ್ಟು, ಅದೇ ಹೊತ್ತಿಗೆ, ಅದೇ ಜಾಗದಲ್ಲಿ, ತಿಂಗಳು ತುಂಬುವ ಹೊತ್ತಿಗೆ ಮಂಗಳ.

ಕ್ರಮಕ್ಕಿಂತ ಮೊದಲು ಇದರ ಕಾರಣ ತಿಳಿದಿರಬೇಕು, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ನಮ್ಮ ಕಡೆಯ ಮಗು ಮನೆಯಲ್ಲಿ ಕೇಳುವುದು "ಅಂವ ಹೊಂಟ್ಹೋದ" ಎಂಬ ಕನ್ನಡ. ಪುಸ್ತಕದಲ್ಲಿರುವುದು "ಅವನು ಹೊರಟುಹೋದನು". ಈ ಎರಡನೆಯ ಕನ್ನಡ ಕಿವಿಗೆ ಬೀಳದೇ ಇದ್ದ ಮಗು ತಾನೇ ಓದಲು ಕೂತಾಗ ಎರಡು ಭಾರ ಒಟ್ಟಿಗೆ ಹೊರಬೇಕಾಗುತ್ತದೆ: ಕಾಗುಣಿತ-ಒತ್ತಕ್ಷರ ಬಿಡಿಸುವುದು ಒಂದು, ಕೇಳದ ಭಾಷೆಯನ್ನು ತಿಳಿಯುವುದು ಇನ್ನೊಂದು. ಅನೇಕ ಮಕ್ಕಳು ಅಕ್ಷರ ಸರಿಯಾಗಿ ಓದಿಯೂ "ಏನ್ ಓದಿದ್ಯೋ ತಮ್ಮಾ?" ಎಂದರೆ ಸುಮ್ಮನೆ ನಿಲ್ಲುವುದು ಇದೇ ಕಾರಣಕ್ಕೆ. ಮಗುವಿಗೆ ಕೇಳಿ ತಿಳಿಯುವ ಶಕ್ತಿ ಓದಿ ತಿಳಿಯುವ ಶಕ್ತಿಗಿಂತ ಹಲವು ವರ್ಷ ಮುಂದಿರುತ್ತದೆ. ಆರು ವರ್ಷದ ಮಗು ತಾನಾಗಿ ಓದುವುದು "ಕಮಲ ಬಂದಳು" ಎಂಬಷ್ಟು ಇರಬಹುದು. ಅದೇ ಮಗು ನೂರು ಪುಟದ ಕಥೆಯನ್ನು ಕಿವಿಯಿಂದ ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ಓದಿ ಹೇಳುವ ಪುಸ್ತಕ ಮಗುವಿನ ಸ್ವಂತ ಓದಿನ ಮಟ್ಟಕ್ಕಿಂತ ಎರಡು-ಮೂರು ವರ್ಷ ಮೇಲಿನದೇ ಇರಲಿ.

ಬೇಕಾಗುವ ಸಾಮಾನು

ಪುಸ್ತಕ, ಮೆತ್ತನೆ ಪೆನ್ಸಿಲ್, ಗುರುತಿಡಲು ನಾಲ್ಕೈದು ಕಾಗದದ ಪಟ್ಟಿ, ಒಂದು 100 ಪುಟದ ನೋಟ್‌ಬುಕ್, ಉಗುರುಬೆಚ್ಚನೆ ನೀರಿನ ತಂಬಿಗೆ, ಕರೆಂಟ್ ಹೋದರೆ ಎಂದು ಚಾರ್ಜ್ ಮಾಡಿಟ್ಟ ದೀಪ. ಮೊಬೈಲನ್ನು ಬೇರೆ ಕೋಣೆಯಲ್ಲಿಡಿ. ಪುಸ್ತಕವೇ ಮೊಬೈಲಿನಲ್ಲಿದ್ದರೆ ಫ್ಲೈಟ್ ಮೋಡ್ ಹಾಕಿ.

1. ಪುಸ್ತಕ ಆರಿಸುವುದು

ಹತ್ತರಲ್ಲಿ ಆರು ಮನೆಗಳ ಓದು ಇಲ್ಲೇ ಕೆಡುತ್ತದೆ ಎಂದರೂ ನಡೆದೀತು. ಬಹುಮಾನ ಬಂದಿದೆ, ದೊಡ್ಡ ಲೇಖಕರದು, ನೀತಿ ಇದೆ ಎಂದು ಪುಸ್ತಕ ತರುತ್ತಾರೆ. ಗಟ್ಟಿಯಾಗಿ ಓದಿ ನೋಡಿರುವುದಿಲ್ಲ. ಕಣ್ಣಿಗೆ ಚಂದ ಕಂಡ ಪುಸ್ತಕ ಬಾಯಿಗೆ ಬರದೇ ಇರಬಹುದು.

ಅಂಗಡಿಯಲ್ಲಿ ಅಥವಾ ಗ್ರಂಥಾಲಯದಲ್ಲಿ ನಿಂತೇ ಈ ಪರೀಕ್ಷೆ ಮಾಡಿ. ನಡುವಿನ ಒಂದು ಪುಟ ತೆಗೆದು ಸಣ್ಣ ದನಿಯಲ್ಲಿ ಓದಿ. ಒಂದು ಪುಟದೊಳಗೆ ಮೂರು ಕಡೆ ನಾಲಿಗೆ ತೊಡರಿದರೆ, ಅಥವಾ ಒಂದು ವಾಕ್ಯ ಮುಗಿಸಲು ಎರಡು ಸಲ ಉಸಿರು ತೆಗೆದುಕೊಳ್ಳಬೇಕಾದರೆ, ಆ ಪುಸ್ತಕ ಬೇಡ. ಅನುವಾದದ ಪುಸ್ತಕಗಳಲ್ಲಿ ಈ ತೊಂದರೆ ಹೆಚ್ಚು. "ಯಾವುದನ್ನು ಅವನು ತನ್ನ ಬಾಲ್ಯದಿಂದಲೂ ಬಯಸಿದ್ದನೋ ಅದನ್ನು..." ಎಂದು ಶುರುವಾಗುವ ವಾಕ್ಯ ಕೇಳುವ ಮಗುವಿಗೆ ಕ್ರಿಯಾಪದ ಬರುವ ಹೊತ್ತಿಗೆ ಕರ್ತೃವೇ ಮರೆತಿರುತ್ತದೆ. ಒಳ್ಳೆಯ ಅನುವಾದಗಳೂ ಬೇಕಾದಷ್ಟಿವೆ, ಪುಟ ಓದಿದರೆ ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಮೊದಲ ಪುಸ್ತಕಕ್ಕೆ ಇನ್ನೂ ಕೆಲವು ಲಕ್ಷಣ ನೋಡಿ. ಅಧ್ಯಾಯ 5ರಿಂದ 8 ಪುಟದೊಳಗಿರಲಿ. ಮುಖ್ಯ ಪಾತ್ರ ನಾಲ್ಕೈದು ಮೀರದಿರಲಿ. ಮೊದಲ ಮೂರು ಪುಟದೊಳಗೆ ಏನಾದರೂ ಆಗಲೇಬೇಕು: ಏನೋ ಕಳೆದುಹೋಗಬೇಕು, ಯಾರೋ ಬರಬೇಕು, ಮಳೆಯಲ್ಲಿ ಹಾದಿ ತಪ್ಪಬೇಕು. ಊರಿನ ವರ್ಣನೆಯಲ್ಲೇ ಹತ್ತು ಪುಟ ಕಳೆಯುವ ಕಾದಂಬರಿ ಎಷ್ಟೇ ಶ್ರೇಷ್ಠವಾಗಿರಲಿ, ಅದು ಮೂರನೆಯ ಅಥವಾ ನಾಲ್ಕನೆಯ ಪುಸ್ತಕವಾಗಲಿ.

ಸಿಗುವುದು ಎಲ್ಲಿ? ಧಾರವಾಡದ ಸುಭಾಸ ರಸ್ತೆಯ ಪುಸ್ತಕದಂಗಡಿಗಳಲ್ಲಿ ಮಕ್ಕಳ ಕಪಾಟು ಕೇಳಿ ನೋಡಿ. ಮಕ್ಕಳಿಗಾಗಿಯೇ ಇರುವ ಸರ್ಕಾರಿ ಸಂಸ್ಥೆ ಕರ್ನಾಟಕ ಬಾಲವಿಕಾಸ ಅಕಾಡೆಮಿ ಇರುವುದೂ ಧಾರವಾಡದಲ್ಲೇ, ಅಲ್ಲೂ ವಿಚಾರಿಸಿ. ಹಳ್ಳಿಯಲ್ಲಿರುವವರು ಗ್ರಾಮ ಪಂಚಾಯತಿ ಗ್ರಂಥಾಲಯಕ್ಕೆ ಹೋಗಿ. ಈಗ ಅದಕ್ಕೆ ಅರಿವು ಕೇಂದ್ರ ಎನ್ನುತ್ತಾರೆ, ಮಕ್ಕಳಿಗೆ ಸದಸ್ಯತ್ವ ಉಚಿತ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಕೊಡುತ್ತಿರುವ ಬಾಲ ಸಾಹಿತ್ಯ ಪುರಸ್ಕಾರದ ಕನ್ನಡ ಪಟ್ಟಿ ಹುಡುಕಾಟಕ್ಕೆ ಒಳ್ಳೆಯ ಆರಂಭ, ಆದರೆ ಅದರಲ್ಲಿ ಕವಿತೆ, ನಾಟಕ, ಬಿಡಿ ಕಥೆಗಳೂ ಇರುವುದರಿಂದ ಕಾದಂಬರಿ ಯಾವುದೆಂದು ನೋಡಿಕೊಳ್ಳಿ. ದೊಡ್ಡ ಪುಸ್ತಕಕ್ಕೆ ಮಗು ಇನ್ನೂ ಸಿದ್ಧವಿಲ್ಲ ಎನ್ನಿಸಿದರೆ ಪ್ರಥಮ್ ಬುಕ್ಸ್ ಸಂಸ್ಥೆಯ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಮೂರು-ನಾಲ್ಕನೆಯ ಹಂತದ ಕಥೆಗಳನ್ನು ಒಂದು ತಿಂಗಳು ಓದಿ. ಅವು ಪುಕ್ಕಟೆ. ಒಂದು ಕಥೆಯನ್ನು ಬೇಕೆಂದೇ ಎರಡು ದಿನಕ್ಕೆ ಹಂಚಿ ಓದಿದರೆ "ಉಳಿದದ್ದು ನಾಳೆ" ಎನ್ನುವುದು ಮಗುವಿಗೆ ರೂಢಿಯಾಗುತ್ತದೆ.

2. ನೀವು ಮೊದಲು ಓದಿ, ಗುರುತು ಹಾಕಿಕೊಳ್ಳುವುದು

ಇಡೀ ಪುಸ್ತಕವನ್ನು ಮೊದಲೇ ಓದಿಕೊಳ್ಳಿ. ಅಷ್ಟು ಹೊತ್ತಿಲ್ಲದಿದ್ದರೆ ಕನಿಷ್ಠ ಮೂರು ಅಧ್ಯಾಯ ಮುಂದಿರಿ. ಓದುವಾಗ ಪೆನ್ಸಿಲಿನಿಂದ ಮೂರು ಬಗೆಯ ಗುರುತು ಹಾಕಿ.

ಒಂದು, ನಿಲ್ಲಿಸುವ ಜಾಗ. ಇದಕ್ಕೊಂದು ಲೆಕ್ಕ ಬೇಕು. ಕನ್ನಡದ ಸಾಮಾನ್ಯ ಪುಸ್ತಕ ಡೆಮಿ ಅಳತೆಯದು, ಅಂದರೆ ಸುಮಾರು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. ಅದರ ಒಂದು ಪುಟವನ್ನು ಮಗುವಿಗೆ ತಿಳಿಯುವಂತೆ ನಿಧಾನವಾಗಿ ಓದಲು ಎರಡರಿಂದ ಎರಡೂವರೆ ನಿಮಿಷ ಹಿಡಿಯುತ್ತದೆ. ಐದು ವರ್ಷದ ಮಗುವಿಗೆ 10 ನಿಮಿಷ, ಆರೇಳು ವರ್ಷಕ್ಕೆ 15, ಎಂಟೊಂಬತ್ತಕ್ಕೆ 25 ನಿಮಿಷ ಸಾಕು. ಹಾಗಾದರೆ ಆರು ವರ್ಷದ ಮಗುವಿಗೆ ದಿನಕ್ಕೆ ಆರು ಪುಟ. 120 ಪುಟದ ಪುಸ್ತಕ 20 ದಿನದ ಓದು. ವಾರಕ್ಕೆ ಐದು ದಿನ ಓದಿದರೆ ನಾಲ್ಕು ವಾರ. ಆರು ವಾರ ಮೀರುವ ಪುಸ್ತಕವನ್ನು ಶುರುವಿನಲ್ಲಿ ಹಿಡಿಯಬೇಡಿ, ಅರ್ಧದಲ್ಲಿ ಹಬ್ಬ, ಜಾತ್ರೆ, ಲಗ್ನ ಬಂದು ಕಥೆಯ ಎಳೆ ಹರಿಯುತ್ತದೆ.

ಅಧ್ಯಾಯ ಮುಗಿದ ಕಡೆಯೇ ನಿಲ್ಲಿಸಬೇಕೆಂದಿಲ್ಲ. ಎಷ್ಟೋ ಅಧ್ಯಾಯಗಳ ಕೊನೆಯಲ್ಲಿ ಎಲ್ಲರೂ ಉಂಡು ಮಲಗುತ್ತಾರೆ. ಅಲ್ಲಿ ನಿಲ್ಲಿಸಿದರೆ ನಾಳೆ ಕೇಳಬೇಕೆಂಬ ಆಸೆ ಎಲ್ಲಿಂದ ಬರಬೇಕು? ಪುಸ್ತಕದಲ್ಲಿ ಹೀಗೊಂದು ಭಾಗ ಇದೆ ಎಂದುಕೊಳ್ಳಿ:

"ಕತ್ತಲಾಗಿತ್ತು. ಬಸಪ್ಪ ಕಂದೀಲು ಹಿಡಿದು ಕೊಟ್ಟಿಗೆಯ ಬಾಗಿಲು ತೆರೆದ. ಗೂಟಕ್ಕೆ ಹಗ್ಗ ಇತ್ತು. ಆಕಳು ಇರಲಿಲ್ಲ."

ನಿಲುಗಡೆ ಇಲ್ಲಿ. "ಬಾಗಿಲು ತೆರೆದ" ಎನ್ನುವಲ್ಲಿ ನಿಲ್ಲಿಸಿದರೆ ಮಗುವಿಗೆ ಏನೂ ಸಿಕ್ಕಿರುವುದಿಲ್ಲ, ಸಿಟ್ಟು ಬರುತ್ತದೆ. ಆಕಳು ಇಲ್ಲ ಎಂದು ತಿಳಿದ ಮೇಲೆ ನಿಲ್ಲಿಸಿದರೆ ಮಗು ರಾತ್ರಿಯೆಲ್ಲ ತಾನೇ ಆಕಳು ಹುಡುಕುತ್ತದೆ. ಸುದ್ದಿ ಗೊತ್ತಾಗಬೇಕು, ಮುಂದೇನು ಎನ್ನುವುದು ಗೊತ್ತಾಗಬಾರದು. ಆ ಜಾಗಕ್ಕೆ ಅಂಚಿನಲ್ಲಿ ಗೀಟು ಹಾಕಿ.

ಎರಡನೆಯ ಗುರುತು, ಮಗುವಿಗೆ ಗೊತ್ತಿರದ ಲೋಕದ ಮಾತುಗಳಿಗೆ. ಕನ್ನಡದ ಮಕ್ಕಳ ಕಾದಂಬರಿಗಳಲ್ಲಿ ಮಲೆನಾಡು-ಕರಾವಳಿಯ ಕಥೆಗಳು ಬಹಳ. ಗದಗಿನ ಎರಿ ಹೊಲದ ಮಗುವಿಗೆ ಸಂಕ, ಇಂಬಳ (ಜಿಗಣೆ), ಕಂಬಳಿಕೊಪ್ಪೆ (ಮಳೆಗೆ ತಲೆಯ ಮೇಲಿಂದ ಹೊದೆಯುವ ಕಂಬಳಿ) ಎಲ್ಲಿ ಗೊತ್ತು? ಸಂಕ ಎಂದರೆ ಹಳ್ಳ ದಾಟಲು ಅಡ್ಡ ಹಾಕಿದ ಮರದ ದಿಮ್ಮಿ ಎಂದು ತಿಳಿಯದೇ ಇದ್ದರೆ "ಹುಡುಗ ಸಂಕದ ಮೇಲೆ ಕಾಲಿಟ್ಟ" ಎನ್ನುವಲ್ಲಿ ಹೆದರಿಕೆಯೇ ಹುಟ್ಟುವುದಿಲ್ಲ. ಇಂಥ ಮಾತು ದಿನಕ್ಕೆ ಎರಡು-ಮೂರು ಮಾತ್ರ ಆರಿಸಿ, ಓದು ಶುರುವಾಗುವ ಮೊದಲೇ ಹೇಳಿಬಿಡಿ. ಓದಿನ ನಡುವೆ ಪುಸ್ತಕ ಮುಚ್ಚಿ ಪಾಠ ಮಾಡಿದರೆ ಹುಡುಗ ಸಂಕದ ಮೇಲೆಯೇ ನಿಂತುಬಿಡುತ್ತಾನೆ, ಕೇಳುವ ಮಗು ಎದ್ದು ಹೋಗುತ್ತದೆ.

ಮೂರನೆಯದು, ಎಚ್ಚರದ ಜಾಗ. ತಾಯಿ ಸಾಯುವ ಸಂದರ್ಭ, ಪ್ರಾಣಿಯ ಬಲಿ, ಮಕ್ಕಳನ್ನು ಹೊಡೆಯುವುದು, ಭೂತ. ಹಳೆಯ ಪುಸ್ತಕಗಳಲ್ಲಿ ಕುಂಟ, ಕುರುಡ, ಕರಿಯ ಎಂದು ಹಂಗಿಸುವುದು, ಜಾತಿ ಹಿಡಿದು ಬಯ್ಯುವುದು ಸಲೀಸಾಗಿ ಬಂದಿರುತ್ತದೆ. ಬಿಟ್ಟು ಓದಬೇಕೋ, ಓದಿ ಮಾತನಾಡಬೇಕೋ ಎನ್ನುವುದನ್ನು ಹಿಂದಿನ ದಿನವೇ ತೀರ್ಮಾನಿಸಿ. ಓದುತ್ತಾ ಓದುತ್ತಾ ಎದುರಾದರೆ ನಿಮ್ಮ ದನಿ ತಡವರಿಸುತ್ತದೆ, ಏನೋ ಮುಚ್ಚಿಡುತ್ತಿದ್ದೀರಿ ಎಂದು ಮಗುವಿಗೆ ಕೂಡಲೇ ಗೊತ್ತಾಗುತ್ತದೆ. ಸಾವಿನ ಭಾಗ ಬಿಡಬೇಕಾಗಿಲ್ಲ. ಅದನ್ನು ರಾತ್ರಿ ಮಲಗುವಾಗ ಓದದೆ ಹಗಲು ಓದಿ, ಓದಿದ ಮೇಲೆ ಅರ್ಧ ಗಂಟೆ ಮಗುವಿನ ಹತ್ತಿರವೇ ಇರಿ.

3. ಹೊತ್ತು, ಜಾಗ

ಊಟವಾದ ಮೇಲಿನ ಮಧ್ಯಾಹ್ನ ಎರಡೂವರೆಯ ಹೊತ್ತು ಹೆಚ್ಚಿನ ಮನೆಗಳಿಗೆ ಹೊಂದುತ್ತದೆ. ಕುಕ್ಕರ್ ಸೀಟಿ ಇಲ್ಲ, ನಳದ ನೀರಿನ ಗಡಿಬಿಡಿ ಇಲ್ಲ. ರಾತ್ರಿ ಓದಿದರೆ ದಣಿದ ಮಗು ಮೂರನೆಯ ಪುಟಕ್ಕೆ ಮಲಗುತ್ತದೆ, ಮರುದಿನ ಅದೇ ಮೂರು ಪುಟ ಮತ್ತೆ ಓದಬೇಕು. ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಾದರೆ ರಾತ್ರಿ ಊಟಕ್ಕೆ ಮೊದಲು ಓದಿ, ಊಟದ ನಂತರ ಬೇಡ.

ಹುಬ್ಬಳ್ಳಿಯಲ್ಲಿ ದೊಡ್ಡ ರಸ್ತೆಯ ಪಕ್ಕ ಮನೆ ಇರುವವರು ಹಿಂದಿನ ಕೋಣೆ ಹಿಡಿಯಿರಿ, ಹಾರ್ನಿನ ಮೇಲೆ ದನಿ ಎತ್ತಿ ಓದಿದರೆ ಹತ್ತು ನಿಮಿಷಕ್ಕೆ ಗಂಟಲು ಕಟ್ಟುತ್ತದೆ. ಹಳೆ ಮನೆಯ ಪಡಸಾಲೆ ಉತ್ತಮ. ಕಿಟಕಿಗೆ ನೀವು ಬೆನ್ನು ಹಾಕಿ ಕೂಡಿ. ಬೆಳಕು ಪುಟದ ಮೇಲೆ ಬೀಳುತ್ತದೆ, ಮಗುವಿನ ಕಣ್ಣು ಹೊರಗೆ ಓಡುವುದಾದರೆ ಓಡಲಿ, ಕಿವಿ ಇಲ್ಲೇ ಇರುತ್ತದೆ.

4. ಮೊದಲ ದಿನ

ಪುಸ್ತಕವನ್ನು ಮಗುವಿನ ಕೈಗೆ ಕೊಡಿ. ಹೊದಿಕೆ ನೋಡಲಿ, ಪುಟ ತಿರುವಲಿ, ಚಿತ್ರ ಹುಡುಕಲಿ. ಆಮೇಲೆ ನೋಟ್‌ಬುಕ್ಕಿನ ಒಂದು ಪುಟದಲ್ಲಿ ಪಾತ್ರಗಳ ಹೆಸರು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ: ಯಾರು, ಯಾರ ಮಗ, ಎಲ್ಲಿರುತ್ತಾನೆ. ಪರದೇಶದ ಕಥೆಯಾದರೆ ಇದು ಬೇಕೇ ಬೇಕು. ಹೆಸರು ತಲೆಯಲ್ಲಿ ನಿಲ್ಲದ ಕಾರಣಕ್ಕೇ ಮಕ್ಕಳು ಎರಡನೆಯ ಅಧ್ಯಾಯದಲ್ಲಿ ಕಥೆ ಬಿಡುವುದು, ಮತ್ತು ಹೆಸರು ಗೊತ್ತಾಗಲಿಲ್ಲ ಎಂದು ಅವು ಬಾಯಿಬಿಟ್ಟು ಹೇಳುವುದಿಲ್ಲ, "ಬ್ಯಾಸರಾತು" ಎನ್ನುತ್ತವೆ.

ಮೊದಲ ದಿನ ಗೊತ್ತು ಮಾಡಿದ್ದಕ್ಕಿಂತ ಎರಡು ಪುಟ ಹೆಚ್ಚು ಓದಿ. ಕಥೆ ನೆಲಕ್ಕೆ ಹತ್ತುವವರೆಗೆ ನಿಲ್ಲಿಸಬಾರದು.

5. ಓದುವ ಬಗೆ

ಬೇಗ ಓದುವುದೇ ಎಲ್ಲರ ದೊಡ್ಡ ತಪ್ಪು. ನಿಮಗೆ ತೀರ ನಿಧಾನವಾಯಿತು ಎನ್ನಿಸುವ ವೇಗವೇ ಮಗುವಿಗೆ ಸರಿಯಾದ ವೇಗ. ಕೇಳಿದ್ದು ಕಣ್ಣಮುಂದೆ ಕಟ್ಟಿಕೊಳ್ಳಲು ಅದಕ್ಕೆ ಹೊತ್ತು ಬೇಕು. ಪೂರ್ಣವಿರಾಮದಲ್ಲಿ ಮನಸ್ಸಿನಲ್ಲಿ ಒಂದು ಎಣಿಸಿ, ಪ್ಯಾರಾ ಬದಲಾದಲ್ಲಿ ಎರಡು. ಮೇಲಿನ ಬಸಪ್ಪನ ಭಾಗವನ್ನೇ ತೆಗೆದುಕೊಳ್ಳಿ. "ಕತ್ತಲಾಗಿತ್ತು" ಎಂದು ದನಿ ಇಳಿಸಿ ಓದಿ. "ಬಾಗಿಲು ತೆರೆದ" ಆದ ಮೇಲೆ ಮಗುವಿನ ಮುಖ ನೋಡಿ. "ಗೂಟಕ್ಕೆ ಹಗ್ಗ ಇತ್ತು" ಎನ್ನುವುದನ್ನು ಏನೂ ಆಗಿಲ್ಲವೆಂಬಂತೆ ಸಾದಾ ದನಿಯಲ್ಲಿ ಹೇಳಿ, ಮೂರು ಎಣಿಸುವಷ್ಟು ನಿಲ್ಲಿ. ಆಮೇಲೆ, ಇನ್ನೂ ಸಣ್ಣ ದನಿಯಲ್ಲಿ, "ಆಕಳು ಇರಲಿಲ್ಲ." ಕೂಗಿ ಹೇಳಿದರೆ ಮಗು ಬೆಚ್ಚುತ್ತದೆ ಅಷ್ಟೇ. ದನಿ ಇಳಿಸಿದರೆ ಮುಂದೆ ಬಾಗಿ ಕೇಳುತ್ತದೆ.

ಇನ್ನು ಭಾಷೆಯ ಮಾತು. ನಮ್ಮ ಕಡೆ ಎಷ್ಟೋ ಮಂದಿ ಪುಸ್ತಕ ನೋಡುತ್ತಾ ಇಡೀ ಕಥೆಯನ್ನು ಧಾರವಾಡ ಮಾತಿನಲ್ಲಿ ಹೇಳಿಕೊಂಡು ಹೋಗುತ್ತಾರೆ. ಮಗು ಖುಷಿಯಿಂದ ಕೇಳುತ್ತದೆ, ನಿಜ. ಅದು ಕಥೆ ಹೇಳುವುದು; ಅದಕ್ಕೂ ದಿನದಲ್ಲಿ ಒಂದು ಹೊತ್ತಿರಲಿ. ಓದಿ ಹೇಳುವಾಗ ಮಾತ್ರ ಅಚ್ಚಾದದ್ದನ್ನು ಅಚ್ಚಾದ ಹಾಗೆಯೇ ಓದಬೇಕು, ಇಲ್ಲದಿದ್ದರೆ ಪುಸ್ತಕದ ಕನ್ನಡ ಕಿವಿಗೆ ಬೀಳುವುದೇ ಇಲ್ಲ. "ಮನೆ" ಎಂದಿದ್ದರೆ ಮನೆ ಎಂದೇ ಓದಿ, ಮನಿ ಎನ್ನಬೇಡಿ. "ಹೋಗುತ್ತಾನೆ" ಇದ್ದಲ್ಲಿ ಹೋಗತಾನ ಬೇಡ. ಕೊನೆಯ ಎಕಾರ ಕಿವಿಯಲ್ಲಿ ಕೂತ ಮಗು ನಾಳೆ ಬರೆಯುವಾಗ ಅದನ್ನು ಬಿಡುವುದಿಲ್ಲ. ಅಲ್ಪಪ್ರಾಣ-ಮಹಾಪ್ರಾಣ, ಶ-ಸ ವ್ಯತ್ಯಾಸವೂ ಹಾಗೆಯೇ ಬರುತ್ತದೆ, ಬೇರೆ ಪಾಠ ಬೇಕಾಗುವುದಿಲ್ಲ.

ಸಂಭಾಷಣೆಯಲ್ಲಿ ಮಾತ್ರ ಸಡಿಲ ಬಿಡಬಹುದು. "ನೀನು ಎಲ್ಲಿಗೆ ಹೋಗುತ್ತಿರುವೆ?" ಎಂದು ಅಚ್ಚಾಗಿದೆ. ಒಂದು ಸಲ ಹಾಗೆಯೇ ಓದಿ. ಮಗುವಿನ ಮುಖದಲ್ಲಿ ತಿಳಿಯದ ಕಳೆ ಕಂಡರೆ ಅದೇ ದನಿಯಲ್ಲಿ "ನೀ ಎಲ್ಲಿಗೆ ಹೊಂಟಿ?" ಎಂದು ಸೇರಿಸಿ ಮುಂದೆ ಹೋಗಿ. ಒಂದೆರಡು ವಾರದಲ್ಲಿ ಹೀಗೆ ಸೇರಿಸುವ ಅಗತ್ಯ ತಾನೇ ಕಡಿಮೆಯಾಗುತ್ತದೆ. ಮೂರನೆಯ ವಾರವೂ ಪ್ರತಿ ಮಾತಿಗೆ ಸೇರಿಸಬೇಕಾಗುತ್ತಿದ್ದರೆ ಪುಸ್ತಕ ಈ ಮಗುವಿಗೆ ಇನ್ನೂ ಭಾರ ಎಂದು ತಿಳಿಯಿರಿ. ಮನೆಯಲ್ಲಿ ಉರ್ದು, ಮರಾಠಿ, ಕೊಂಕಣಿ ಆಡುವವರಿಗೂ ಇದೇ ಕ್ರಮ: ಓದು ಕನ್ನಡದಲ್ಲಿ, ತೊಡಕಾದಲ್ಲಿ ಒಂದು ಮಾತು ಮನೆಯ ಭಾಷೆಯಲ್ಲಿ. ಇಡೀ ಪುಟವನ್ನು ಎರಡು ಭಾಷೆಯಲ್ಲಿ ಹೇಳುತ್ತಾ ಹೋದರೆ ಮಗು ಮೊದಲನೆಯದನ್ನು ಕೇಳುವುದೇ ಬಿಟ್ಟು ಎರಡನೆಯದಕ್ಕೆ ಕಾಯುತ್ತದೆ.

ಪಾತ್ರಕ್ಕೊಂದು ದನಿ ಮಾಡುವ ಹುಮ್ಮಸ್ಸು ಒಳ್ಳೆಯದೇ, ಆದರೆ ಎರಡು ಬೇರೆ ದನಿ ಸಾಕು. ಆರು ದನಿ ಶುರು ಮಾಡಿದರೆ ಹತ್ತನೆಯ ದಿನ ಯಾವುದು ಯಾರದೆಂದು ನಿಮಗೇ ಮರೆಯುತ್ತದೆ, ಮಗು ಮರೆಯುವುದಿಲ್ಲ. ಕೀರಲು ದನಿ, ಗೊಗ್ಗರು ದನಿ ಎರಡೂ ಗಂಟಲಿಗೆ ಕೆಟ್ಟವು. ವೇಗ ಬದಲಿಸಿದರೆ ಸಾಕು: ಅಜ್ಜ ನಿಧಾನ, ಸಣ್ಣ ಹುಡುಗಿ ಚುರುಕು. ನೆಟ್ಟಗೆ ಕೂತು ಓದಿ, ಅಧ್ಯಾಯದ ನಡುವೆ ನೀರು ಕುಡಿಯಿರಿ. ಒಂದೇ ಸಲಕ್ಕೆ 40 ನಿಮಿಷ ಮೀರಿ ಓದಬೇಡಿ. ಕೆಮ್ಮು-ನೆಗಡಿ ಇದ್ದ ದಿನ ಮನೆಯ ಇನ್ನೊಬ್ಬರಿಗೆ ಪುಸ್ತಕ ದಾಟಿಸಿ. ಅಜ್ಜ ಓದಿದರೆ ಅದರ ರುಚಿಯೇ ಬೇರೆ.

6. ಮಗುವಿನ ಕೈಗೆ ಕೆಲಸ

ಸುಮ್ಮನೆ ಕೈಕಟ್ಟಿ ಕೂತು ಕೇಳು ಎನ್ನುವುದರಿಂದಲೇ ಹೆಚ್ಚಿನ ಜಗಳ. ಐದಾರು ವರ್ಷದ ಮಗುವಿಗೆ ದೇಹ ಸುಮ್ಮನಿಡುವುದೇ ಒಂದು ದೊಡ್ಡ ಕೆಲಸ. ಅದರಲ್ಲೇ ಗಮನವೆಲ್ಲ ಖರ್ಚಾದರೆ ಕಥೆಗೆ ಉಳಿಯುವುದಿಲ್ಲ. ಕೈಗೆ ಸದ್ದಿಲ್ಲದ, ಯೋಚನೆ ಬೇಡದ ಕೆಲಸ ಕೊಡಿ. ಮಣ್ಣೆತ್ತಿನ ಅಮಾವಾಸ್ಯೆಗೆ ತಂದ ಮಣ್ಣು ಉಳಿದಿದ್ದರೆ ಒದ್ದೆ ಅರಿವೆ ಸುತ್ತಿ ಇಟ್ಟುಕೊಳ್ಳಿ. ಕಥೆಯ ಆಕಳು, ಕತ್ತೆ, ಬಾವಿ ಎಲ್ಲ ಅದರಲ್ಲಿ ಮೂಡುತ್ತವೆ. ಹಸಿ ಬಟಾಣಿ ಬಿಡಿಸುವುದು, ಗುಂಡಿಗಳನ್ನು ಬಣ್ಣ ನೋಡಿ ಬೇರೆ ಮಾಡುವುದು, ಚಿತ್ರ ಬರೆಯುವುದು ಆದೀತು. ಒಣ ಶೇಂಗಾ ಸುಲಿಯುವುದು ಬೇಡ, ಪಟಪಟ ಸದ್ದಿನಲ್ಲಿ ಮಾತು ಮುಳುಗುತ್ತದೆ. ಬ್ಯಾಡಗಿ ಮೆಣಸಿನಕಾಯಿ ತೊಟ್ಟು ಬಿಡಿಸುವುದನ್ನಂತೂ ಹತ್ತಿರ ತರಬೇಡಿ. ಕಥೆಯಲ್ಲಿ ಮೈಮರೆತ ಮಗು ಕಣ್ಣು ಉಜ್ಜಿಕೊಳ್ಳುತ್ತದೆ.

ಪದಬಂಧ, ಬಿಲ್ಲೆ ಜೋಡಿಸುವ ಆಟ, ಪರದೆಯ ಮೇಲಿನ ಯಾವುದೂ ಬೇಡ. ಅವು ತಲೆ ಬೇಡುತ್ತವೆ.

ಮಗು ಕೇಳುತ್ತಿದೆಯೋ ಇಲ್ಲವೋ ಎಂಬ ಅನುಮಾನ ಬಂದರೆ "ಏನ್ ಹೇಳಿದೆ, ಹೇಳು ನೋಡೂಣು" ಎಂದು ಪರೀಕ್ಷೆ ಮಾಡಬೇಡಿ. ಓದುತ್ತಾ ಒಂದು ಹೆಸರು ಬೇಕೆಂದೇ ತಪ್ಪಿಸಿ. ಕೇಳುತ್ತಿರುವ ಮಗು ತಲೆ ಎತ್ತದೆಯೇ "ನಿಂಗಪ್ಪ ಅಲ್ಲ ಅವ್ವಾ, ಬಸಪ್ಪ" ಎನ್ನುತ್ತದೆ.

7. ನಡುವಿನ ಪ್ರಶ್ನೆಗಳು

ಮಗು ಕೇಳುವ ಪ್ರಶ್ನೆಗೆ ಒಂದೇ ವಾಕ್ಯದಲ್ಲಿ ಉತ್ತರಿಸಿ ಓದು ಮುಂದುವರಿಸಿ. ಉತ್ತರ ಮುಂದಿನ ಪುಟದಲ್ಲೇ ಇದ್ದರೆ "ತಡಿ, ಅದ ಬರತೈತಿ" ಸಾಕು. ನೀವು ಕೇಳುವ ಪ್ರಶ್ನೆಗಳು ಮಾತ್ರ ಬೇಡ. "ಇದರಿಂದ ಏನು ಕಲಿತೆ?" ಎನ್ನುವುದು ಎಲ್ಲಕ್ಕಿಂತ ಕೆಟ್ಟದ್ದು. ಅದನ್ನು ಮೂರು ದಿನ ಕೇಳಿ ನೋಡಿ, ನಾಲ್ಕನೆಯ ದಿನ ಮಗು ಪುಸ್ತಕ ಕಂಡ ಕೂಡಲೇ ನೀರು ಕುಡಿಯಲು ಏಳುತ್ತದೆ.

8. ಮರುದಿನ ಎತ್ತಿಕೊಳ್ಳುವುದು

ಶುರು ಮಾಡುವ ಮೊದಲು ಮಗುವೇ ಹೇಳಲಿ: ನಿನ್ನೆ ಎಲ್ಲಿಗೆ ಬಂದಿತ್ತು? ಇದಕ್ಕೆ ಮರುನಿರೂಪಣೆ ಎನ್ನುತ್ತಾರೆ, ಅಂದರೆ ಕೇಳಿದ್ದನ್ನು ತನ್ನ ಮಾತಿನಲ್ಲಿ ತಿರುಗಿ ಹೇಳುವುದು. ಇದು ಧಾರವಾಡ ಮಾತಿನಲ್ಲೇ ಇರಲಿ, ತಿದ್ದಬೇಡಿ. "ಆಕಳಾ ಇರ್ಲಿಲ್ಲ, ಅಂವಾ ಅಳಾಕ್ಹತ್ತಿದ" ಎಂದು ಮಗು ಹೇಳಿದರೆ ಕಥೆ ಒಳಗೆ ಇಳಿದಿದೆ. ಸ್ವಲ್ಪ ದಿನದ ಮೇಲೆ ಆ ಮಾತಿನ ನಡುವೆ ಪುಸ್ತಕದ ಒಂದೊಂದು ತುಣುಕು, "ಅಷ್ಟರಲ್ಲಿ", "ಆದರೂ", "ಕೊನೆಗೆ", ತಾನಾಗಿ ಬರುವುದು ಕೇಳಿಸುತ್ತದೆ. ಹಾಗೆ ಬಂದಾಗ ಹೊಗಳಿ ಬೊಟ್ಟು ಮಾಡಬೇಡಿ, ಮಗು ನಾಚಿ ಬಿಟ್ಟೀತು. ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಆ ಮಾತನ್ನು ಬರೆದುಕೊಳ್ಳಿ.

ನೋಟ್‌ಬುಕ್ಕಿಗೆ ಇನ್ನೊಂದು ಉಪಯೋಗವೂ ಇದೆ. ಪುಸ್ತಕದ ಹೆಸರು, ಶುರುವಾದ ದಿನ, ಮುಗಿದ ದಿನ, ಮಗು ಹೇಳಿದ ಮಾತು ಇವಿಷ್ಟು ಎರಡು ವರ್ಷ ಬರೆದಿಟ್ಟರೆ ಮಗುವಿನ ಭಾಷೆ ಬೆಳೆದ ಬಗೆ ಅದರಲ್ಲಿರುತ್ತದೆ. ನಾಳೆ ಶಾಲೆಗೆ ಸೇರಿಸುವ ವಿಚಾರ ಬಂದರೆ, 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14 ವರ್ಷದ ಮಗುವಿಗೆ ವಯಸ್ಸಿಗೆ ತಕ್ಕ ತರಗತಿಯಲ್ಲೇ ಪ್ರವೇಶ ಕೊಡಬೇಕು. ಆ ತರಗತಿಯ ಮಾಸ್ತರರಿಗೆ ಮಗು ಎಲ್ಲಿದೆ ಎಂದು ತಿಳಿಸಲು ಈ ನೋಟ್‌ಬುಕ್ ಅಂಕಪಟ್ಟಿಗಿಂತ ಹೆಚ್ಚು ಹೇಳುತ್ತದೆ.

9. ಎರಡು ವಯಸ್ಸಿನ ಮಕ್ಕಳಿದ್ದರೆ

ಪುಸ್ತಕ ದೊಡ್ಡ ಮಗುವಿನ ಮಟ್ಟದ್ದಾಗಿರಲಿ, ಹೊತ್ತು ಸಣ್ಣ ಮಗುವಿನದು. ಅಂದರೆ ಎಂಟು ವರ್ಷದ ಅಕ್ಕನಿಗೂ ಐದರ ತಮ್ಮನಿಗೂ ಒಟ್ಟಿಗೆ 10 ನಿಮಿಷ ಓದಿ. ತಮ್ಮ ಎದ್ದು ಹೋದ ಮೇಲೆ ಅಕ್ಕನಿಗೆ ಇನ್ನೂ 10 ನಿಮಿಷ. ಮರುದಿನ ತಮ್ಮ ಕೇಳದೇ ಬಿಟ್ಟ ಭಾಗವನ್ನು ಅಕ್ಕನೇ ಹೇಳಲಿ. ಅವಳಿಗೆ ಅದೇ ಮರುನಿರೂಪಣೆ. ಮೂರು ವರ್ಷದ ಕೂಸಿದ್ದರೆ ಅದು ಮಲಗಿದ ಹೊತ್ತು ನೋಡಿ ಓದಿ, ಬೇರೆ ದಾರಿಯಿಲ್ಲ.

10. ತಪ್ಪಿದ ದಿನ, ಬಿಡುವ ಪುಸ್ತಕ

ಎರಡು ದಿನ ತಪ್ಪಿದರೆ ಮರುನಿರೂಪಣೆಯಿಂದ ಸರಿಹೋಗುತ್ತದೆ. ವಾರ ತಪ್ಪಿದರೆ ಕೊನೆಗೆ ಓದಿದ ಎರಡು ಪುಟ ಮತ್ತೆ ಓದಿ ಮುಂದೆ ಹೋಗಿ. ಮೂರು ವಾರವಾದರೆ ಮೊದಲಿನಿಂದ ಶುರು ಮಾಡಿ ಅಥವಾ ಪುಸ್ತಕ ಬದಲಿಸಿ.

ಯಾವಾಗ ಬಿಡಬೇಕು? ಮೂರು ಅಧ್ಯಾಯ ಅಥವಾ 25 ಪುಟ, ಯಾವುದು ಮೊದಲೋ ಅಲ್ಲಿಯವರೆಗೆ ನೋಡಿ. ಅಷ್ಟಾದರೂ ಮಗು "ಮುಂದ ಏನಾತು?" ಎಂದು ಒಮ್ಮೆಯೂ ಕೇಳದಿದ್ದರೆ ಮುಚ್ಚಿಡಿ. "ಇಷ್ಟು ದಿನ ಓದೀವಿ, ಮುಗಿಸೂಣು" ಎಂದು ಎಳೆದರೆ ಆ ಪುಸ್ತಕದ ಜೊತೆಗೆ ಓದುವ ಹೊತ್ತಿನ ಮೇಲೂ ಬೇಸರ ಬರುತ್ತದೆ. ಬಿಟ್ಟ ಪುಸ್ತಕವನ್ನು ಕಪಾಟಿನಲ್ಲಿ ಕಾಣುವಂತೆಯೇ ಇಡಿ. ಒಂದು ವರ್ಷದ ಮೇಲೆ ಅದೇ ಪುಸ್ತಕವನ್ನು ಮಗುವೇ ಎತ್ತಿಕೊಂಡು ಬರುವುದು ಅಪರೂಪವೇನಲ್ಲ.

ಧ್ವನಿಮುದ್ರಿತ ಕಥೆ ಹಚ್ಚಿದರೆ ಆಗದೇ ಎಂದು ಕೆಲವರು ಕೇಳುತ್ತಾರೆ. ಬಸ್ಸಿನಲ್ಲಿ, ಜ್ವರದ ದಿನ ಹಚ್ಚಿ. ದಿನದ ಓದಿಗೆ ಅದು ಬದಲಿಯಲ್ಲ, ಮಗುವಿನ ಮುಖ ನೋಡಿ ನಿಲ್ಲಲು, "ನೀ ಎಲ್ಲಿಗೆ ಹೊಂಟಿ" ಎಂದು ಸೇರಿಸಲು ಯಂತ್ರಕ್ಕೆ ಬರುವುದಿಲ್ಲ.

11. ಮಗು ತಾನೇ ಓದತೊಡಗಿದ ಮೇಲೆ

ಇಲ್ಲಿ ಬಹುಪಾಲು ಮನೆಗಳು ಓದಿ ಹೇಳುವುದನ್ನು ನಿಲ್ಲಿಸುತ್ತವೆ. ನಿಲ್ಲಿಸಬೇಡಿ. ಏಳೆಂಟರ ಮಗು ಒತ್ತಕ್ಷರ ಬಿಡಿಸಿ ಓದತೊಡಗಿದಾಗ ಅದು ಓದಬಲ್ಲ ಕಥೆ ಇನ್ನೂ ತೀರ ಸಣ್ಣದು, ಅದರ ಮನಸ್ಸು ಬೇಡುವ ಕಥೆ ದೊಡ್ಡದು. ಈ ನಡುವಿನ ಒಂದೆರಡು ವರ್ಷದಲ್ಲೇ ಎಷ್ಟೋ ಮಕ್ಕಳು ಪುಸ್ತಕದಿಂದ ದೂರ ಸರಿಯುತ್ತವೆ.

ಈ ಹಂತದಲ್ಲಿ ಮಗುವನ್ನು ಪಕ್ಕಕ್ಕೆ ಕೂಡಿಸಿಕೊಂಡು ಸಾಲಿನ ಕೆಳಗೆ ಬೆರಳು ಓಡಿಸುತ್ತಾ ಓದಿ. ಒಂದು ಪಾತ್ರದ ಸಂಭಾಷಣೆಯನ್ನು ಮಾತ್ರ ಮಗುವಿಗೆ ಬಿಟ್ಟುಕೊಡಿ. ಸಂಭಾಷಣೆ ಸಣ್ಣದಿರುತ್ತದೆ, ಮಗು ದಣಿಯುವುದಿಲ್ಲ. ತಡವರಿಸಿದರೆ ಮೂರು ಎಣಿಸಿ ಮಾತು ನೀವೇ ಹೇಳಿ, ಅಕ್ಷರ ಬಿಡಿಸುವ ಪಾಠ ಬೇಡ. ಆಮೇಲೆ ದಿನದ ಕೊನೆಯ ಅರ್ಧ ಪುಟ ಮಗುವಿನದಾಗಲಿ. ನಿಮ್ಮ ಪೆನ್ಸಿಲ್ ಗೀಟು ದಾಟಿ ಮುಂದೇನಾಯಿತು ಎಂದು ಮಗು ಗುಟ್ಟಾಗಿ ಓದಿಕೊಂಡಿದ್ದು ತಿಳಿದರೆ ಬಯ್ಯಬೇಡಿ, ಕೇಳಬೇಡಿ. ಮರುದಿನ ಅದೇ ಗೀಟಿನಿಂದ ಓದು ಶುರು ಮಾಡಿ.

ಒಂದು ಪುಸ್ತಕ ಮುಗಿದ ಮೇಲೆ ಮೂರು-ನಾಲ್ಕು ದಿನ ಬಿಡುವಿರಲಿ. ಮಗು ಮಣ್ಣಿನ ಆಕಳಿಗೆ ಬಸಪ್ಪನ ಮಾತು ಆಡಿಸುತ್ತಿರುತ್ತದೆ, ಆ ಆಟ ತಾನಾಗಿ ತಣ್ಣಗಾಗಲಿ. ಅಷ್ಟರೊಳಗೆ ಮುಂದಿನ ಪುಸ್ತಕದ ಮೂರು ಅಧ್ಯಾಯಕ್ಕೆ ನೀವು ಗುರುತು ಹಾಕಿ ಮುಗಿಸಿರಬೇಕು.